ಐರಿಷ್ ವಲಸಿಗರ ಮೂಲ ಹುಡುಕುವ ಬಗೆ: ಊರು, ಹೆಸರು ಮತ್ತು ನಂಟಿನ ಪುರಾವೆ

ಋಷಿಮೂಲ, ನದಿಮೂಲ ಹುಡುಕಬಾರದು ಎಂಬ ಗಾದೆ ನಮ್ಮಲ್ಲಿದೆ. ಆದರೆ ಸ್ವಂತ ಮನೆಯ ಮೂಲ ಹುಡುಕಲೇಬೇಕಾದ ಸಂದರ್ಭಗಳು ಬರುತ್ತವೆ. ಜಮೀನಿನ ಪಾಲು, ವಾರಸುದಾರಿಕೆ, ಪಿಂಚಣಿ, ಪೌರತ್ವ ಯಾವುದೇ ಇರಲಿ, "ಇವನು ಇಂಥವರ ಮಗ" ಎಂದು ಕಾಗದದಲ್ಲಿ ತೋರಿಸಬೇಕಾಗುತ್ತದೆ. ಒಂದು ಕಚೇರಿಯಲ್ಲಿ ಒಂದು ಲಿಪಿ, ಇನ್ನೊಂದು ಕಚೇರಿಯಲ್ಲಿ ಇನ್ನೊಂದು ಲಿಪಿ ಇರುವ ಗಡಿನಾಡಿನವರಿಗೆ ಈ ಕಷ್ಟವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ.

ಈ ಕೆಲಸವನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿರುವವರು ಐರ್ಲೆಂಡಿನಿಂದ ಹೊರಹೋದ ವಲಸಿಗರ ಸಂತತಿಯವರು. 2020ರ ಅಮೆರಿಕದ ಜನಗಣತಿಯಲ್ಲಿ 3 ಕೋಟಿ 80 ಲಕ್ಷಕ್ಕೂ ಹೆಚ್ಚು ಮಂದಿ ತಮಗೆ ಐರಿಷ್ ಮೂಲವಿದೆ ಎಂದು ಬರೆಸಿದ್ದಾರೆ. ಕೆನಡಾ, ಆಸ್ಟ್ರೇಲಿಯಾ, ಇಂಗ್ಲೆಂಡಿನಲ್ಲಿರುವವರು ಬೇರೆ. ಅವರು ಹುಡುಕುವ ರೀತಿ, ಎದುರಿಸುವ ಅಡ್ಡಿಗಳು ಮತ್ತು ಪುರಾವೆ ಜೋಡಿಸುವ ಕ್ರಮ ಯಾರಿಗೇ ಆದರೂ ತಿಳಿದಿರುವುದು ಒಳ್ಳೆಯದು.

ಯಾಕೆ ಹೋದರು, ದಾಖಲೆ ಯಾಕೆ ಇಲ್ಲ

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗುಲಿತು. ಬಡ ಗೇಣಿದಾರರಿಗೆ ಆಲೂಗಡ್ಡೆಯೇ ಅನ್ನ. ಮತ್ತೆ ಮತ್ತೆ ಬೆಳೆ ಹೋಗಿ ಮಹಾಕ್ಷಾಮ ಬಂತು. ಸುಮಾರು 10 ಲಕ್ಷ ಜನ ಹಸಿವು ಮತ್ತು ಜ್ವರಕ್ಕೆ ಬಲಿಯಾದರು. ಹತ್ತು ವರ್ಷಗಳಲ್ಲಿ ಸುಮಾರು 20 ಲಕ್ಷ ಜನ ಹಡಗು ಹತ್ತಿದರು. 1841ರಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ ಸುಮಾರು 65 ಲಕ್ಷಕ್ಕೆ ಇಳಿಯಿತು. ಕ್ಷಾಮ ಮುಗಿದ ಮೇಲೂ ವಲಸೆ ನಿಲ್ಲಲಿಲ್ಲ.

ಹೀಗೆ ಹೋದವರ ಹೆಸರು ತಾಯ್ನಾಡಿನಲ್ಲಿ ಎಲ್ಲಾದರೂ ಇರಬೇಕಲ್ಲ ಎಂದು ಕೇಳಬಹುದು. ಇತ್ತು. 1922ರ ಜೂನ್ 30ರಂದು, ಅಂತರ್ಯುದ್ಧದ ಸಮಯದಲ್ಲಿ, ಡಬ್ಲಿನ್ ನಗರದ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟ ಮತ್ತು ಬೆಂಕಿಗೆ ಸಿಕ್ಕಿತು. ಶತಮಾನಗಳ ಕಾಗದ ಸುಟ್ಟು ಬೂದಿಯಾಯಿತು. 1821, 1831, 1841 ಮತ್ತು 1851ರ ಜನಗಣತಿ ಹಾಳೆಗಳಲ್ಲಿ ಅಲ್ಪಸ್ವಲ್ಪ ಮಾತ್ರ ಉಳಿಯಿತು. ಚರ್ಚ್ ಆಫ್ ಐರ್ಲೆಂಡಿನ ಅನೇಕ ಪುಸ್ತಕಗಳೂ ಉಯಿಲುಗಳೂ ಹೋದವು.

ಎಲ್ಲ ನಷ್ಟಕ್ಕೂ ಬೆಂಕಿಯೇ ಕಾರಣವಲ್ಲ. 1861 ಮತ್ತು 1871ರ ಗಣತಿ ಹಾಳೆಗಳನ್ನು ಲೆಕ್ಕ ಮುಗಿದ ಮೇಲೆ ಸರಕಾರವೇ ನಾಶಮಾಡಿತ್ತು. 1881 ಮತ್ತು 1891ರವನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಿಗೆ ಹಾಕಲಾಯಿತು. ಹೀಗಾಗಿ ಇಡೀ ದೇಶಕ್ಕೆ ಪೂರ್ತಿಯಾಗಿ ಉಳಿದ ಅತ್ಯಂತ ಹಳೆಯ ಜನಗಣತಿ 1901ರದ್ದು. 1850ರಲ್ಲಿ ಹೋದವನ ಹೆಸರು ಅದರಲ್ಲಿ ಸಿಗುವುದಿಲ್ಲ. ಊರಲ್ಲೇ ಉಳಿದ ತಮ್ಮನದೋ ಅವನ ಮಕ್ಕಳದೋ ಸಿಗಬಹುದು, ಅಷ್ಟೆ.

ಹುಡುಕಾಟ ಮನೆಯಿಂದ, ಐರ್ಲೆಂಡಿನಿಂದಲ್ಲ

ಹೊಸಬರು ಮಾಡುವ ಮೊದಲ ತಪ್ಪು ನೇರವಾಗಿ ಐರ್ಲೆಂಡಿನ ದಾಖಲೆಗೆ ಕೈಹಾಕುವುದು. ಮರ್ಫಿ ಅಲ್ಲಿಯ ಅತಿ ಸಾಮಾನ್ಯ ಮನೆತನದ ಹೆಸರು. ಜಾನ್, ಪ್ಯಾಟ್ರಿಕ್, ಮೇರಿ, ಬ್ರಿಜೆಟ್ ಮನೆಮನೆಗೂ ಇದ್ದ ಹೆಸರುಗಳು. "ಜಾನ್ ಮರ್ಫಿ, ಐರ್ಲೆಂಡ್" ಎಂದು ಹುಡುಕುವುದೂ ನಮ್ಮಲ್ಲಿ ಊರು ಹೇಳದೆ "ಬಸಪ್ಪ, ಕರ್ನಾಟಕ" ಎಂದು ಹುಡುಕುವುದೂ ಒಂದೇ.

ಆದ್ದರಿಂದ ತಿಳಿದವರಿಂದ ತಿಳಿಯದವರ ಕಡೆಗೆ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ಮೊದಲು ತನ್ನದು, ಆಮೇಲೆ ತಂದೆ ತಾಯಿಯದು, ನಂತರ ಅಜ್ಜ ಅಜ್ಜಿಯದು. ವಲಸಿಗ ಇಳಿದ ದೇಶದ ದಾಖಲೆಗಳಲ್ಲೇ ಅವನ ಹುಟ್ಟೂರಿನ ಹೆಸರು ಸಿಗುವವರೆಗೆ ಹುಡುಕಬೇಕು. ಸಿಗಬಹುದಾದ ಜಾಗಗಳು ಇವು:

- ಮದುವೆ, ಮರಣ ಮತ್ತು ಸಮಾಧಿ ದಾಖಲೆ. ಚರ್ಚಿನ ಮದುವೆ ಪುಸ್ತಕದಲ್ಲಿ ಕೆಲವು ಪಾದ್ರಿಗಳು ಹುಟ್ಟೂರನ್ನೂ ಬರೆದಿದ್ದಾರೆ. ಸಮಾಧಿ ಕಲ್ಲಿನ ಮೇಲೆ ಕೌಂಟಿ ಮತ್ತು ಪ್ಯಾರಿಷ್ ಹೆಸರು ಕೆತ್ತಿಸುವ ವಾಡಿಕೆಯೂ ಇತ್ತು.
- ಪೌರತ್ವ ಪತ್ರ. ಅಮೆರಿಕದಲ್ಲಿ 1906ಕ್ಕೆ ಮೊದಲಿನ ಪತ್ರಗಳಲ್ಲಿ ಸಾಮಾನ್ಯವಾಗಿ ವಿವರ ಕಡಿಮೆ. ಆ ವರ್ಷ ಒಂದೇ ನಮೂನೆಯ ಫಾರಂ ಬಂದ ಮೇಲೆ ಹುಟ್ಟಿದ ಸ್ಥಳ, ದಿನಾಂಕ ಸಿಗುತ್ತವೆ.
- ಹಡಗಿನ ಪ್ರಯಾಣಿಕರ ಪಟ್ಟಿ. ಅಮೆರಿಕಕ್ಕೆ 1820ರಿಂದ ಪಟ್ಟಿಗಳಿವೆ. ಹಳೆಯ ಪಟ್ಟಿಗಳಲ್ಲಿ ಊರಿನ ಬದಲು "ಐರ್ಲೆಂಡ್" ಎಂದಷ್ಟೇ ಇರುವುದು ಹೆಚ್ಚು. 20ನೇ ಶತಮಾನದ ಆರಂಭದ ಪಟ್ಟಿಗಳಲ್ಲಿ ಊರಲ್ಲಿರುವ ಹತ್ತಿರದ ಬಂಧುವಿನ ಹೆಸರೂ ಸಿಗುತ್ತದೆ.
- ಪತ್ರಿಕೆಯ ಹುಡುಕಾಟದ ಜಾಹೀರಾತು. ಬೋಸ್ಟನ್ ನಗರದ "ಪೈಲಟ್" ಪತ್ರಿಕೆ 1831ರಿಂದ 1921ರವರೆಗೆ, ಕಾಣೆಯಾದ ಬಂಧುಗಳನ್ನು ಹುಡುಕುವವರ ಜಾಹೀರಾತು ಹಾಕುತ್ತಿತ್ತು. ಅಣ್ಣನನ್ನು ಹುಡುಕುವ ತಂಗಿ ಊರು, ಪ್ಯಾರಿಷ್, ಹಡಗು ಹತ್ತಿದ ವರ್ಷ ಎಲ್ಲವನ್ನೂ ಬರೆಸುತ್ತಿದ್ದಳು.
- ಬ್ಯಾಂಕ್ ಪುಸ್ತಕ. ನ್ಯೂಯಾರ್ಕಿನಲ್ಲಿ 1850ರಲ್ಲಿ ಸ್ಥಾಪನೆಯಾದ ಎಮಿಗ್ರೆಂಟ್ ಸೇವಿಂಗ್ಸ್ ಬ್ಯಾಂಕ್, ಹಣ ಹಿಂಪಡೆಯಲು ಬಂದವನು ಅವನೇ ಹೌದೇ ಎಂದು ಪರೀಕ್ಷಿಸಲು ತಂದೆ ತಾಯಿ, ಒಡಹುಟ್ಟಿದವರು, ಹುಟ್ಟೂರಿನ ವಿವರ ಬರೆದಿಟ್ಟುಕೊಂಡಿತ್ತು. ಆ ಪುಸ್ತಕಗಳು ಈಗ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ.

ಹುಡುಕುವವನ ನೇರ ಅಜ್ಜನ ದಾಖಲೆಯಲ್ಲಿ ಊರು ಇಲ್ಲದಿದ್ದರೆ ಅಜ್ಜನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮದುವೆಯ ಸಾಕ್ಷಿಗಳು, ಮಗುವಿಗೆ ಜ್ಞಾನಸ್ನಾನದಲ್ಲಿ ನಿಂತ ದೇವರತಂದೆ ದೇವರತಾಯಿ, ಪಕ್ಕದ ಮನೆಯವರು, ಇವರ ದಾಖಲೆ ನೋಡಬೇಕು. ವಲಸೆ ಹೋದವರು ಒಬ್ಬರ ಬೆನ್ನಿಗೆ ಒಬ್ಬರು ಹೋಗಿ ಒಂದೇ ಬೀದಿಯಲ್ಲಿ ನೆಲೆಸಿದರು. ಪಕ್ಕದ ಮನೆಯವನ ಊರು ಸಿಕ್ಕರೆ ಅರ್ಧ ದಾರಿ ಸಿಕ್ಕಂತೆ.

ಟೌನ್‌ಲ್ಯಾಂಡ್ ಎಂದರೆ ಪಟ್ಟಣವಲ್ಲ

ಐರ್ಲೆಂಡಿನ ಅತಿ ಚಿಕ್ಕ ಭೂ ಘಟಕಕ್ಕೆ ಟೌನ್‌ಲ್ಯಾಂಡ್ ಎನ್ನುತ್ತಾರೆ. ಅಂಥವು 60 ಸಾವಿರಕ್ಕೂ ಹೆಚ್ಚು ಇವೆ. ಅದರ ಮೇಲೆ ಪ್ಯಾರಿಷ್, ಬ್ಯಾರನಿ ಮತ್ತು ಕೌಂಟಿ. ಕೌಂಟಿಗಳು ಒಟ್ಟು 32. ನಮ್ಮ ಊರು, ಹೋಬಳಿ, ತಾಲೂಕು, ಜಿಲ್ಲೆಯ ಹಾಗೆ ಎಂದು ಸ್ಥೂಲವಾಗಿ ತಿಳಿಯಬಹುದು. ಆದರೆ ಸರಕಾರಿ ಪ್ಯಾರಿಷ್ ಬೇರೆ, ಕ್ಯಾಥೊಲಿಕ್ ಪ್ಯಾರಿಷ್ ಬೇರೆ; ಗಡಿಗಳು ಒಂದೇ ಅಲ್ಲ.

1824ರಲ್ಲಿ ಆರಂಭವಾದ ಸರ್ವೆಯಲ್ಲಿ ಐರಿಷ್ ಭಾಷೆಯ ಊರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ರೂಪಕ್ಕೆ ತಂದರು. ಊರು ಅಥವಾ ನೆಲೆ ಎಂಬ ಅರ್ಥದ "ಬಲ್ಯ" ಎಂಬುದು "ಬ್ಯಾಲಿ" ಆಯಿತು, ಚರ್ಚ್ ಎಂಬ ಅರ್ಥದ ಪದ "ಕಿಲ್" ಆಯಿತು. ವಲಸಿಗರ ಬಾಯಲ್ಲಿದ್ದ ಹೆಸರು ಒಂದು, ಅಮೆರಿಕದ ಗುಮಾಸ್ತ ಕೇಳಿ ಬರೆದದ್ದು ಇನ್ನೊಂದು, ಸರ್ವೆ ಪುಸ್ತಕದಲ್ಲಿರುವುದು ಮತ್ತೊಂದು. ಆದ್ದರಿಂದ ಅಕ್ಷರಕ್ಕಿಂತ ಉಚ್ಚಾರಣೆಗೆ ಬೆಲೆ ಕೊಟ್ಟು ಹುಡುಕಬೇಕು.

ಮನೆತನದ ಹೆಸರಿಗೂ ಇದೇ ಮಾತು. "ಓ" ಎಂದರೆ ಮೊಮ್ಮಗ ಅಥವಾ ವಂಶಜ, "ಮ್ಯಾಕ್" ಎಂದರೆ ಮಗ. ಇಂಗ್ಲಿಷರ ಆಳ್ವಿಕೆಯಲ್ಲಿ ಅನೇಕರು ಈ ಪೂರ್ವಪದ ಬಿಟ್ಟರು, ಮುಂದೆ ಅವರ ಮೊಮ್ಮಕ್ಕಳು ಮತ್ತೆ ಸೇರಿಸಿಕೊಂಡರು. ಮಹೋನಿ ಮತ್ತು ಓಮಹೋನಿ ಒಂದೇ ಮನೆಯವರಿರಬಹುದು. ಚರ್ಚ್ ಪುಸ್ತಕ ಲ್ಯಾಟಿನ್ ಭಾಷೆಯಲ್ಲಿದ್ದರೆ ಜೇಮ್ಸ್ "ಜಾಕೋಬುಸ್" ಆಗಿರುತ್ತಾನೆ, ವಿಲಿಯಂ "ಗುಲಿಯೆಲ್ಮುಸ್" ಆಗಿರುತ್ತಾನೆ. ಬ್ರಿಜೆಟ್ ಅಮೆರಿಕಕ್ಕೆ ಹೋಗಿ "ಡೀಲಿಯಾ" ಆದದ್ದುಂಟು.

ಐರ್ಲೆಂಡಿನಲ್ಲಿ ಉಳಿದಿರುವ ದಾಖಲೆಗಳು

ಊರು ಗೊತ್ತಾದ ಮೇಲೆ ಈ ದಾಖಲೆಗಳನ್ನು ತೆರೆಯಬೇಕು. ಇವುಗಳಲ್ಲಿ ಹೆಚ್ಚಿನವನ್ನು ಇಂಟರ್‌ನೆಟ್‌ನಲ್ಲಿ ಹಣ ಕೊಡದೆ ನೋಡಬಹುದು.

ಜನನ, ಮದುವೆ, ಮರಣ ನೋಂದಣಿ: ಕ್ಯಾಥೊಲಿಕ್ ಅಲ್ಲದವರ ಮದುವೆಗಳ ನೋಂದಣಿ 1845ರಲ್ಲಿ ಆರಂಭವಾಯಿತು. ಎಲ್ಲರ ಜನನ, ಮದುವೆ, ಮರಣದ ನೋಂದಣಿ ಶುರುವಾದದ್ದು 1864ರ ಜನವರಿ 1ರಿಂದ. ಜನನ ದಾಖಲೆಯಲ್ಲಿ ತಾಯಿಯ ತವರಿನ ಮನೆತನದ ಹೆಸರಿರುತ್ತದೆ. ಮದುವೆ ದಾಖಲೆಯಲ್ಲಿ ವಧೂವರರಿಬ್ಬರ ತಂದೆಯ ಹೆಸರು, ಕಸುಬು ಇರುತ್ತದೆ. ಆ ಕಾಲದ ಮರಣ ದಾಖಲೆಯಲ್ಲಿ ಮಾತ್ರ ತಂದೆ ತಾಯಿಯ ಹೆಸರು ಇರುವುದಿಲ್ಲ. ಸರಕಾರದ "ಐರಿಷ್ ಜೀನಿಯಾಲಜಿ" ತಾಣದಲ್ಲಿ 100 ವರ್ಷ ದಾಟಿದ ಜನನ, 75 ವರ್ಷ ದಾಟಿದ ಮದುವೆ, 50 ವರ್ಷ ದಾಟಿದ ಮರಣ ದಾಖಲೆಗಳ ಚಿತ್ರ ಸಿಗುತ್ತದೆ.

ಕ್ಯಾಥೊಲಿಕ್ ಚರ್ಚ್ ಪುಸ್ತಕಗಳು: ಇವು ಆಯಾ ಚರ್ಚಿನಲ್ಲೇ ಇದ್ದುದರಿಂದ 1922ರ ಬೆಂಕಿಗೆ ಸಿಗಲಿಲ್ಲ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ 1,000ಕ್ಕೂ ಹೆಚ್ಚು ಪ್ಯಾರಿಷ್‌ಗಳ ಪುಸ್ತಕದ ಚಿತ್ರಗಳನ್ನು ಪ್ರಕಟಿಸಿತು. ಹೆಚ್ಚಿನವು ಸುಮಾರು 1880ರವರೆಗಿನವು. ಪಶ್ಚಿಮದ ಬಡ ಪ್ರದೇಶಗಳಲ್ಲಿ ಪುಸ್ತಕ ತಡವಾಗಿ ಆರಂಭವಾಗಿದೆ. ಅಲ್ಲಿ ಕ್ಷಾಮಕ್ಕೆ ಮೊದಲಿನವರ ಜ್ಞಾನಸ್ನಾನದ ದಾಖಲೆ ಇಲ್ಲದಿರಬಹುದು.

ಭೂ ದಾಖಲೆಗಳು: ಹಳೆಯ ಜನಗಣತಿಯ ಕೊರತೆಯನ್ನು ತುಂಬುವವು ಇವೇ. 1823ರಿಂದ 1837ರ ನಡುವಿನ ಟೈದ್ ಪುಸ್ತಕಗಳಲ್ಲಿ ಚರ್ಚ್ ತೆರಿಗೆ ಕೊಡಬೇಕಾಗಿದ್ದ ರೈತರ ಹೆಸರಿದೆ. ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ನಡೆದು 1847ರಿಂದ 1864ರ ನಡುವೆ ಪ್ರಕಟವಾದ ಮೌಲ್ಯಮಾಪನದಲ್ಲಿ ಪ್ರತಿ ಟೌನ್‌ಲ್ಯಾಂಡಿನ ಹಿಡುವಳಿದಾರ, ಅವನ ಭೂಮಾಲೀಕ, ಜಮೀನಿನ ವಿಸ್ತೀರ್ಣ, ಬೆಲೆ, ನಕ್ಷೆಯ ಸಂಖ್ಯೆ ಇವೆ. ನಮ್ಮ ಪಹಣಿಯಂತೆ ಇದರಲ್ಲೂ ಹಿಡುವಳಿದಾರನ ಹೆಸರು ಮಾತ್ರ, ಹೆಂಡತಿ ಮಕ್ಕಳಿಲ್ಲ. ಮುಂದಿನ ತಿದ್ದುಪಡಿ ಪುಸ್ತಕಗಳಲ್ಲಿ ಒಬ್ಬನ ಹೆಸರು ಹೊಡೆದು ಇನ್ನೊಬ್ಬನ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದಿರುತ್ತಾರೆ. ಅಲ್ಲಿಂದ ತಂದೆ ತೀರಿಕೊಂಡ ಅಥವಾ ಮನೆಯವರು ಊರುಬಿಟ್ಟ ವರ್ಷವನ್ನು ಊಹಿಸಬಹುದು.

1901 ಮತ್ತು 1911ರ ಜನಗಣತಿ: ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ ತಾಣದಲ್ಲಿ ಉಚಿತ. 1911ರ ಹಾಳೆಯಲ್ಲಿ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಕಾಲಂಗಳೂ ಇವೆ. 1926ರ ಏಪ್ರಿಲ್ 18ರ ಗಣತಿಗೆ 100 ವರ್ಷದ ಗೌಪ್ಯತೆ ವಿಧಿಸಲಾಗಿತ್ತು. ಆ ಅವಧಿ ತುಂಬುವುದು 2026ರ ಏಪ್ರಿಲ್‌ನಲ್ಲಿ.

ಸುಟ್ಟುಹೋದ ದಾಖಲೆಗಳ ಪ್ರತಿಗಳನ್ನು ಬೇರೆ ಬೇರೆ ಕಡೆಯಿಂದ ಕೂಡಿಸಿ ಕಟ್ಟಿದ ಸಂಗ್ರಹವೊಂದನ್ನು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ನೇತೃತ್ವದಲ್ಲಿ 2022ರಲ್ಲಿ ಇಂಟರ್‌ನೆಟ್‌ನಲ್ಲಿ ತೆರೆಯಲಾಯಿತು. ಉತ್ತರ ಐರ್ಲೆಂಡಿನ ಆರು ಕೌಂಟಿಗಳಿಗೆ ಬೆಲ್‌ಫಾಸ್ಟ್‌ನ ದಾಖಲೆ ಕಚೇರಿಯನ್ನೂ ನೋಡಬೇಕು.

ಪಿಂಚಣಿಗಾಗಿ ಹುಡುಕಿದ ವಯಸ್ಸು

ಒಂದು ವಿಚಿತ್ರ ದಾಖಲೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 1908ರ ಕಾನೂನಿನಂತೆ 1909ರ ಜನವರಿಯಿಂದ 70 ವರ್ಷ ದಾಟಿದ ಬಡವರಿಗೆ ವೃದ್ಧಾಪ್ಯ ಪಿಂಚಣಿ ಸಿಗತೊಡಗಿತು. ಆದರೆ ಜನನ ನೋಂದಣಿ ಆರಂಭವಾದದ್ದೇ 1864ರಲ್ಲಿ. 70 ದಾಟಿದ ಮುದುಕರ ಬಳಿ ಜನನ ಪತ್ರ ಎಲ್ಲಿಂದ ಬರಬೇಕು? ಆಗ ಆ ಮುದುಕ ಮುದುಕಿಯರು 1841 ಅಥವಾ 1851ರಲ್ಲಿ ತಮ್ಮ ತಂದೆ ತಾಯಿ ಯಾವ ಟೌನ್‌ಲ್ಯಾಂಡಿನಲ್ಲಿ ಇದ್ದರು ಎಂದು ಬರೆದುಕೊಟ್ಟು, ಆ ಗಣತಿ ಹಾಳೆಯಲ್ಲಿ ತಮ್ಮ ಹೆಸರು ಹುಡುಕಲು ಡಬ್ಲಿನ್‌ಗೆ ಅರ್ಜಿ ಹಾಕಿದರು. ಗುಮಾಸ್ತರು ಹುಡುಕಿ ಫಲಿತಾಂಶವನ್ನು ಆ ಫಾರಂ ಮೇಲೆಯೇ ಬರೆದರು.

ಮೂಲ ಗಣತಿ 1922ರಲ್ಲಿ ಸುಟ್ಟುಹೋಯಿತು. ಅರ್ಜಿ ಫಾರಂಗಳು ಉಳಿದವು. ಅಂದು ವಯಸ್ಸು ತೋರಿಸಲು ಅಲೆದಾಡಿದವರ ಕಾಗದವೇ ಇಂದು ಅವರ ಮರಿಮೊಮ್ಮಕ್ಕಳಿಗೆ 1841ರ ಕುಟುಂಬದ ಪಟ್ಟಿ ಕೊಡುತ್ತಿದೆ. ಅದೇ ಕಾರಣದಿಂದ 1901ರಲ್ಲಿ 58 ಎಂದು ಬರೆಸಿದವರು 1911ರಲ್ಲಿ 72 ಎಂದು ಬರೆಸಿದಂಥ ಉದಾಹರಣೆಗಳೂ ಸಿಗುತ್ತವೆ. ಆದ್ದರಿಂದ ವಯಸ್ಸು ಐದಾರು ವರ್ಷ ಹೆಚ್ಚುಕಡಿಮೆ ಇದ್ದ ಮಾತ್ರಕ್ಕೆ "ಇವರಲ್ಲ" ಎಂದು ಬಿಡಬಾರದು.

ನಂಟನ್ನು ರುಜುವಾತು ಮಾಡುವುದು

ಹೆಸರು ಸಿಗುವುದು ಒಂದು, ಅವರೇ ನಮ್ಮವರು ಎಂದು ತೋರಿಸುವುದು ಇನ್ನೊಂದು. ಅಮೆರಿಕದ ವಂಶಾವಳಿ ಸಂಶೋಧಕರು ಒಪ್ಪಿಕೊಂಡಿರುವ ಮಾನದಂಡದಲ್ಲಿ ಐದು ಅಂಶಗಳಿವೆ. ಸಿಗಬಹುದಾದ ಎಲ್ಲ ದಾಖಲೆಗಳನ್ನೂ ಸಾಕಷ್ಟು ಹುಡುಕಬೇಕು. ಪ್ರತಿಯೊಂದೂ ಎಲ್ಲಿ ಸಿಕ್ಕಿತೆಂದು ಬರೆದಿಡಬೇಕು. ಒಂದನ್ನೊಂದು ಹೋಲಿಸಿ ನೋಡಬೇಕು. ವಿರುದ್ಧವಾಗಿ ಕಾಣುವುದಕ್ಕೆ ಸಮಾಧಾನ ಹೇಳಬೇಕು. ಕೊನೆಗೆ ನಿರ್ಣಯವನ್ನು ಕಾರಣಸಹಿತ ಬರವಣಿಗೆಯಲ್ಲಿ ಇಡಬೇಕು.

ಯಾರು ಹೇಳಿದ ಮಾತು ಎಂಬುದನ್ನೂ ತೂಗಬೇಕು. ಅಮೆರಿಕದ ಮರಣ ಪತ್ರದಲ್ಲಿ ಸತ್ತವನ ತಂದೆ ತಾಯಿಯ ಹೆಸರಿರುವುದುಂಟು. ಆದರೆ ಅದನ್ನು ಬರೆಸಿದವನು ಅಳಿಯನಿರಬಹುದು. ಅವನು ಐರ್ಲೆಂಡನ್ನು ನೋಡಿಯೇ ಇರಲಿಕ್ಕಿಲ್ಲ. ಸತ್ತ ದಿನಾಂಕಕ್ಕೆ ಆ ಪತ್ರ ಗಟ್ಟಿ ಸಾಕ್ಷಿ, ತಾಯಿಯ ತವರಿನ ಹೆಸರಿಗೆ ಅಷ್ಟು ಗಟ್ಟಿಯಲ್ಲ.

ಇಂಗ್ಲಿಷ್ ದಾಖಲೆಯ ಸಂಬಂಧಸೂಚಕ ಪದಗಳಲ್ಲಿ ಇನ್ನೊಂದು ತೊಡಕಿದೆ. "ಕಸಿನ್" ಎಂದರೆ ದೊಡ್ಡಪ್ಪನ ಮಗನೋ, ಸೋದರಮಾವನ ಮಗನೋ ತಿಳಿಯುವುದಿಲ್ಲ. "ಅಂಕಲ್" ಚಿಕ್ಕಪ್ಪನೂ ಆದೀತು, ಮಾವನೂ ಆದೀತು. ಕನ್ನಡದಲ್ಲಿ ಒಂದೇ ಪದದಲ್ಲಿ ತಿಳಿಯುವುದಕ್ಕೆ ಅಲ್ಲಿ ಇನ್ನೆರಡು ದಾಖಲೆ ಬೇಕು.

ಹೆಸರಿಡುವ ಪದ್ಧತಿ ಸುಳಿವು ಕೊಡುತ್ತದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಮೊದಲ ಮಗಳಿಗೆ ತಾಯಿಯ ತಾಯಿಯದು, ಎರಡನೆಯವಳಿಗೆ ತಂದೆಯ ತಾಯಿಯದು. ಅಜ್ಜನ ಹೆಸರಿಡುವ ನಮಗೆ ಇದು ಸಹಜವಾಗಿಯೇ ಅರ್ಥವಾಗುತ್ತದೆ. ಆದರೆ ಎಲ್ಲರೂ ಪಾಲಿಸಿದ ನಿಯಮವಲ್ಲ. ಸುಳಿವು ಸರಿ, ಪುರಾವೆಯಲ್ಲ.

ಡಿಎನ್‌ಎ ಎಷ್ಟು ಹೇಳುತ್ತದೆ

ಈಗ ಜೊಲ್ಲಿನ ಪರೀಕ್ಷೆಯಿಂದ ಬಂಧುಗಳನ್ನು ಹುಡುಕುವ ಸೌಲಭ್ಯವಿದೆ. ಅಣ್ಣತಮ್ಮಂದಿರ ಮಕ್ಕಳ ನಡುವೆ ಸರಾಸರಿ ಶೇ. 12.5ರಷ್ಟು, ಅವರ ಮಕ್ಕಳ ನಡುವೆ ಶೇ. 3ರಷ್ಟು, ಮುಂದಿನ ತಲೆಮಾರಿನಲ್ಲಿ ಶೇ. 1ಕ್ಕೂ ಕಡಿಮೆ ಡಿಎನ್‌ಎ ಹೊಂದುತ್ತದೆ. ಅದರ ಮುಂದಿನ ತಲೆಮಾರಿನವರಲ್ಲಿ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಏನೂ ಹೊಂದದೆ ಇರಬಹುದು. ಹೊಂದಲಿಲ್ಲವೆಂದರೆ ಅಷ್ಟು ದೂರದಲ್ಲಿ ನಂಟಿಲ್ಲ ಎಂದಲ್ಲ.

ತಂದೆಯಿಂದ ಮಗನಿಗೆ ಹೋಗುವ ವೈ ವರ್ಣತಂತುವಿನ ಪರೀಕ್ಷೆ ಗಂಡು ಸಂತತಿಗೆ ಮಾತ್ರ. ಮನೆತನದ ಹೆಸರು ಸಾಮಾನ್ಯವಾಗಿ ಅದರ ಜೊತೆಗೇ ಸಾಗುವುದರಿಂದ ಅದು ಉಪಯುಕ್ತ. ಆದರೆ ಡಿಎನ್‌ಎ ನಂಟಿದೆ ಎಂದು ಹೇಳುತ್ತದೆಯೇ ಹೊರತು ಯಾವ ಮುತ್ತಜ್ಜನ ಮೂಲಕ ಎಂದು ಹೇಳುವುದಿಲ್ಲ. ಅದಕ್ಕೆ ಮತ್ತೆ ಕಾಗದವೇ ಬೇಕು.

ಪೌರತ್ವದ ಪ್ರಶ್ನೆ

ಇದು ಬರಿಯ ಹವ್ಯಾಸವಲ್ಲ ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ಅಜ್ಜ ಅಥವಾ ಅಜ್ಜಿ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ದರೆ ಮೊಮ್ಮಗ ಅಲ್ಲಿಯ ವಿದೇಶೀ ಜನನ ನೋಂದಣಿಯ ಮೂಲಕ ಐರಿಷ್ ಪೌರನಾಗಬಹುದು. ಅಜ್ಜಿಯ ಜನನ ಮತ್ತು ಮದುವೆ ಪತ್ರ, ತಂದೆಯ ಜನನ ಮತ್ತು ಮದುವೆ ಪತ್ರ, ತನ್ನ ಜನನ ಪತ್ರ ಹೀಗೆ ಸರಪಳಿಯ ಪ್ರತಿ ಕೊಂಡಿಯೂ ಇರಬೇಕು. ತೀರಿಕೊಂಡವರಿದ್ದರೆ ಮರಣ ಪತ್ರವೂ ಬೇಕು. ಮುತ್ತಜ್ಜ ಮಾತ್ರ ಐರ್ಲೆಂಡಿನವನಾದರೆ, ಅರ್ಜಿದಾರ ಹುಟ್ಟುವ ಮೊದಲೇ ಅವನ ತಂದೆ ಅಥವಾ ತಾಯಿ ಅಲ್ಲಿ ಹೆಸರು ನೋಂದಾಯಿಸಿರಬೇಕಾಗುತ್ತದೆ. ಡಿಎನ್‌ಎ ವರದಿ ಈ ಪತ್ರಗಳ ಜಾಗದಲ್ಲಿ ನಿಲ್ಲುವುದಿಲ್ಲ.

ನಮ್ಮ ಕಡೆಯ ಕೊಂಡಿ

ಈಸ್ಟ್ ಇಂಡಿಯಾ ಕಂಪನಿಯ ಯುರೋಪಿಯನ್ ಪಡೆಗಳಲ್ಲಿ ಐರಿಷ್ ಸಿಪಾಯಿಗಳು ಬಹಳ ಮಂದಿ ಇದ್ದರು. ಮದ್ರಾಸ್ ಮತ್ತು ಬಾಂಬೆಯ ಹಳೆಯ ಎರಡು ಫ್ಯೂಸಿಲಿಯರ್ ಪಡೆಗಳನ್ನು ಸೇರಿಸಿಯೇ 1881ರಲ್ಲಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಮಾಡಲಾಯಿತು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಐರ್ಲೆಂಡಿನಲ್ಲಿ. ನೀಲಗಿರಿಯ ವೆಲಿಂಗ್ಟನ್ ದಂಡುಪ್ರದೇಶಕ್ಕೆ ಆತನ ಬಿರುದಿನ ಹೆಸರೇ ಇದೆ. ಬಳ್ಳಾರಿ, ಬೆಂಗಳೂರಿನಂಥ ದಂಡುಗಳ ಚರ್ಚುಗಳಲ್ಲಿ ಬರೆದ ಜ್ಞಾನಸ್ನಾನ, ಮದುವೆ, ಸಮಾಧಿ ದಾಖಲೆಗಳ ಪ್ರತಿಗಳು ಮದ್ರಾಸ್ ಪ್ರಾಂತ್ಯದ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೆಳವರು ಬಂದು ಮನೆತನದ ವಂಶಾವಳಿ ಹೇಳುವುದನ್ನು ಹಿರಿಯರು ಬಲ್ಲರು. ಗೇಲಿಕ್ ಐರ್ಲೆಂಡಿನಲ್ಲೂ ವಂಶಾವಳಿ ಕಾಯುವ ಮನೆತನಗಳಿದ್ದವು. ಆದರೆ ಅವರು ಕಾಯ್ದದ್ದು ದೊರೆಗಳ, ದೊಡ್ಡ ಮನೆತನಗಳ ವಂಶವನ್ನು. 17ನೇ ಶತಮಾನದಲ್ಲಿ ಆ ದೊರೆತನಗಳು ಅಳಿದಾಗ ಆ ಪದ್ಧತಿಯೂ ಕುಸಿಯಿತು. ಬಡ ಗೇಣಿದಾರನ ವಂಶ ಹೇಳುವವರು ಯಾರೂ ಇರಲಿಲ್ಲ.

ತಪ್ಪು ಆ್ಯನಿ, ಸರಿಯಾದ ಆ್ಯನಿ

ಪುರಾವೆಯಿಲ್ಲದೆ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ವಲಸೆ ಠಾಣೆ ಆರಂಭವಾಯಿತು. ಮೊದಲು ಒಳಬಂದವಳು ಕಾರ್ಕ್ ಕೌಂಟಿಯ ಹುಡುಗಿ ಆ್ಯನಿ ಮೂರ್. ಇಬ್ಬರು ತಮ್ಮಂದಿರೊಂದಿಗೆ ನೆವಾಡಾ ಎಂಬ ಹಡಗಿನಲ್ಲಿ ಬಂದಿದ್ದಳು. ತಂದೆ ತಾಯಿ ಮೊದಲೇ ಬಂದು ನ್ಯೂಯಾರ್ಕಿನಲ್ಲಿದ್ದರು. ಅಧಿಕಾರಿಗಳು ಅವಳಿಗೆ 10 ಡಾಲರಿನ ಚಿನ್ನದ ನಾಣ್ಯ ಕೊಟ್ಟರು.

ಅವಳು ಮುಂದೆ ಟೆಕ್ಸಾಸ್‌ಗೆ ಹೋದಳು, 1923ರಲ್ಲಿ ಅಪಘಾತದಲ್ಲಿ ತೀರಿಕೊಂಡಳು ಎಂದು ಹಲವು ವರ್ಷ ಎಲ್ಲರೂ ನಂಬಿದ್ದರು. ಟೆಕ್ಸಾಸಿನ ಆ ಕುಟುಂಬದವರೂ ನಂಬಿದ್ದರು. ಮೇಗನ್ ಸ್ಮೋಲೆನ್ಯಾಕ್ ಎಂಬ ವಂಶಾವಳಿ ಸಂಶೋಧಕಿ ಕಾಗದ ತೆಗೆದು ನೋಡಿದಾಗ ಆ ಟೆಕ್ಸಾಸಿನ ಆ್ಯನಿ ಹುಟ್ಟಿದ್ದು ಅಮೆರಿಕದ ಇಲಿನಾಯ್ಸ್‌ನಲ್ಲಿ ಎಂದು ತಿಳಿಯಿತು. ವಲಸೆಯೇ ಬಾರದವಳು ಮೊದಲ ವಲಸಿಗಳಾಗಿದ್ದಳು.

ಸರಿಯಾದ ಆ್ಯನಿಯ ದಾರಿ 2006ರಲ್ಲಿ ಸಿಕ್ಕಿದ್ದು ಜೊತೆಗೆ ಬಂದ ತಮ್ಮ ಫಿಲಿಪ್‌ನ ಪೌರತ್ವ ಪತ್ರದಿಂದ. ಅವನ ಸಂತತಿಯ ಜಾಡು ಹಿಡಿದು ಹೋದಾಗ ಅಕ್ಕನ ಬಾಳು ತಿಳಿಯಿತು. ಅವಳು ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ. ಜರ್ಮನ್ ಮೂಲದವನೊಬ್ಬನನ್ನು ಮದುವೆಯಾಗಿ, ಬಡ ಕೇರಿಯಲ್ಲಿ ಬದುಕಿ, 10ಕ್ಕೂ ಹೆಚ್ಚು ಮಕ್ಕಳನ್ನು ಹೆತ್ತು, ಹಲವರನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು 1924ರಲ್ಲಿ ತೀರಿಕೊಂಡಿದ್ದಳು. ಎರಡು ದೇಶಗಳಲ್ಲಿ ಪ್ರತಿಮೆ ಇದ್ದವಳ ಸಮಾಧಿಗೆ ಹೆಸರಿನ ಕಲ್ಲು ಇರಲಿಲ್ಲ. ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಆ ಜಾಗ ಗುರುತಿಸಿ 2008ರಲ್ಲಿ ಐರ್ಲೆಂಡಿನ ಕಲ್ಲು ನಿಲ್ಲಿಸಿದರು.

ಓದುಗರು ಇದರಿಂದ ಹಿಡಿಯಬೇಕಾದದ್ದು ಇಷ್ಟು. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಈಗಲೇ ಕೇಳಿ ಬರೆದಿಡಿ, ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನೂ ಬರೆಯಿರಿ. ಹಳೆಯ ಕಾಗದದಲ್ಲಿ ಹೆಸರಿನ ಅಕ್ಷರ ತಪ್ಪಿದೆ ಎಂದು ಬಿಸಾಡಬೇಡಿ. ನೇರ ದಾರಿ ಮುಚ್ಚಿದ್ದರೆ ತಮ್ಮನ ಕಾಗದ ನೋಡಿ, ತಂಗಿಯ ಕಾಗದ ನೋಡಿ. ಆ್ಯನಿ ಸಿಕ್ಕಿದ್ದು ಹಾಗೆಯೇ.